ಗ್ರಂಥಿಗೆ ಗೊತ್ತಾಗದಂತೆ

ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಕ್ಕೆ ಥೈರಾಯ್ಡ್ ಪರೀಕ್ಷೆಗೆಂದು ಹೋದವರಿಗೆ ಅಲ್ಲಿನ ಒಂದು ಕ್ರಮ ಅರ್ಥವಾಗುವುದಿಲ್ಲ. ಹಿಂದಿನ ದಿನ ಒಂದು ಕ್ಯಾಪ್ಸೂಲ್ ನುಂಗಿಸಿರುತ್ತಾರೆ. ಮರುದಿನ ಕುರ್ಚಿಯಲ್ಲಿ ಕೂರಿಸಿ, ಕತ್ತಿನಿಂದ ಗೇಣುದ್ದಕ್ಕಿಂತ ತುಸು ದೂರದಲ್ಲಿ ದಪ್ಪನೆಯ ಕೊಳವೆಯೊಂದನ್ನು ನಿಲ್ಲಿಸಿ ಎಣಿಕೆ ಮಾಡುತ್ತಾರೆ. ಇಲ್ಲಿಯವರೆಗೆ ಸರಿ. ಆಮೇಲೆ ಅದೇ ಕೊಳವೆಯನ್ನು ತೊಡೆಗೆ ತಿರುಗಿಸುತ್ತಾರೆ! ಥೈರಾಯ್ಡ್ ಇರುವುದು ಗಂಟಲ ಬುಡದಲ್ಲಿ, ಶ್ವಾಸನಾಳವನ್ನು ತಬ್ಬಿಕೊಂಡು. ತೊಡೆಗೂ ಅದಕ್ಕೂ ಎತ್ತಣ ಸಂಬಂಧ?

ಸಂಬಂಧ ಇಲ್ಲದಿರುವುದೇ ಅಲ್ಲಿ ಮುಖ್ಯ. ನುಂಗಿದ ವಿಕಿರಣಶೀಲ ಅಯೋಡಿನ್ ಕತ್ತಿನಲ್ಲಿ ಎರಡು ಕಡೆ ಇರುತ್ತದೆ: ಗ್ರಂಥಿಯೊಳಗೆ ಮತ್ತು ಅಲ್ಲಿ ಹರಿಯುವ ರಕ್ತದಲ್ಲಿ. ಕೊಳವೆಗೆ ಎರಡೂ ಒಂದೇ. ತೊಡೆಯಲ್ಲಿ ಥೈರಾಯ್ಡ್ ಇಲ್ಲ, ರಕ್ತ ಮತ್ತು ಸ್ನಾಯು ಮಾತ್ರ. ಕತ್ತಿನ ಎಣಿಕೆಯಲ್ಲಿ ತೊಡೆಯ ಎಣಿಕೆಯನ್ನು ಕಳೆದರೆ ಗ್ರಂಥಿಯ ಪಾಲು ಉಳಿಯುತ್ತದೆ. ರೋಗಿ ನುಂಗಿದಂಥದೇ ಇನ್ನೊಂದು ಕ್ಯಾಪ್ಸೂಲನ್ನು ಕತ್ತಿನ ಗಾತ್ರದ ಪ್ಲಾಸ್ಟಿಕ್ ದಿಮ್ಮಿಯೊಳಗೆ ಇಟ್ಟು, ಅದನ್ನೂ ಅದೇ ದೂರದಿಂದ ಎಣಿಸುತ್ತಾರೆ. ಒಂದು ದಿನದಲ್ಲಿ ಅಯೋಡಿನ್-131 ಸುಮಾರು ನೂರಕ್ಕೆ ಎಂಟರಷ್ಟು ಕ್ಷಯಿಸಿರುತ್ತದೆ. ಆದರೆ ದಿಮ್ಮಿಯೊಳಗಿನದೂ ಅಷ್ಟೇ ಕ್ಷಯಿಸಿರುವುದರಿಂದ ಆ ಲೆಕ್ಕ ತಾನಾಗಿಯೇ ಸರಿಹೋಗುತ್ತದೆ. ಕೊನೆಗೆ ಸಿಗುವುದು ಒಂದೇ ಒಂದು ಸಂಖ್ಯೆ: ಕೊಟ್ಟದ್ದರಲ್ಲಿ ನೂರಕ್ಕೆ ಇಷ್ಟನ್ನು ಗ್ರಂಥಿ ಹಿಡಿದಿಟ್ಟುಕೊಂಡಿದೆ. ಆರೋಗ್ಯವಂತರಲ್ಲಿ 24 ಗಂಟೆಗಳ ನಂತರ ಇದು ಸಾಮಾನ್ಯವಾಗಿ 10ರಿಂದ 30.

ಅಂದಹಾಗೆ, ಆ ಕೊಳವೆಯೊಳಗೆ ವಿಕಿರಣ ಹಿಡಿಯಲು ಇಟ್ಟಿರುವ ಹರಳು ಸೋಡಿಯಂ ಅಯೋಡೈಡ್‌ನದು. ಅಯೋಡಿನ್ನಿನ ಗುಟ್ಟನ್ನು ಅಯೋಡಿನ್ನೇ ರಟ್ಟು ಮಾಡುತ್ತದೆ.

ರಕ್ತಪರೀಕ್ಷೆಯಲ್ಲೇ ಹಾರ್ಮೋನಿನ ಮಟ್ಟ ತಿಳಿಯುವ ಈ ಕಾಲದಲ್ಲಿ ಇಷ್ಟೆಲ್ಲ ಯಾಕೆ ಎಂದು ಕೇಳಬಹುದು. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಹೆಚ್ಚಾಗಿದೆ ಎಂದಿಟ್ಟುಕೊಳ್ಳಿ. ಗ್ರಂಥಿ ಹುಚ್ಚೆದ್ದು ಹೊಸದಾಗಿ ತಯಾರಿಸುತ್ತಿರಬಹುದು. ಗ್ರೇವ್ಸ್ ಕಾಯಿಲೆಯಲ್ಲಿ ಆಗುವುದು ಹಾಗೆ. ಅಥವಾ ಉರಿಯೂತದಿಂದ ಗ್ರಂಥಿಯ ಅಂಗಾಂಶ ಒಡೆದು, ಹಳೆಯ ದಾಸ್ತಾನು ರಕ್ತಕ್ಕೆ ಸೋರುತ್ತಿರಬಹುದು. ಬರೀ ಹಾರ್ಮೋನಿನ ಮಟ್ಟ ನೋಡಿದರೆ ಎರಡೂ ಒಂದೇ ಥರ. ಅಯೋಡಿನ್ ಕೊಟ್ಟು ನೋಡಿದರೆ ಮೊದಲನೆಯದು ಗಬಗಬನೆ ಎಳೆದುಕೊಳ್ಳುತ್ತದೆ, ಎರಡನೆಯದು ಮುಟ್ಟುವುದೇ ಇಲ್ಲ. ರಕ್ತದ ವರದಿ ಹೇಳುವುದು ಎಷ್ಟಿದೆ ಎಂದು. ಜಾಡು ಹಿಡಿದ ಅಯೋಡಿನ್ ಹೇಳುವುದು ಏನು ನಡೆಯುತ್ತಿದೆ ಎಂದು.

ಈಗ ಆ ಕ್ಯಾಪ್ಸೂಲಿನೊಳಗೆ ಎಷ್ಟು ಅಯೋಡಿನ್ ಇದೆ ಎಂದು ನೋಡೋಣ. ನನಗೆ ಈ ಇಡೀ ಕತೆಯ ಜೀವಾಳ ಎನಿಸುವುದು ಇದೇ ಲೆಕ್ಕ. ಕ್ಯಾಪ್ಸೂಲಿನಲ್ಲಿ 10 ಮೈಕ್ರೊಕ್ಯೂರಿ ಅಯೋಡಿನ್-131 ಇದೆ ಎನ್ನೋಣ. ಅಂದರೆ ಸೆಕೆಂಡಿಗೆ 3 ಲಕ್ಷ 70 ಸಾವಿರ ಪರಮಾಣುಗಳು ಕ್ಷಯಿಸುತ್ತವೆ. ಅಯೋಡಿನ್-131ರ ಅರ್ಧಾಯು, ಅಂದರೆ ಅದರ ಅರ್ಧದಷ್ಟು ಪರಮಾಣುಗಳು ಕ್ಷಯಿಸಲು ಬೇಕಾದ ಕಾಲ, 8 ದಿನ. ಅದರ ಪ್ರಕಾರ ಯಾವುದೇ ಒಂದು ಸೆಕೆಂಡಿನಲ್ಲಿ ಹತ್ತು ಲಕ್ಷ ಪರಮಾಣುಗಳಲ್ಲಿ ಹೆಚ್ಚುಕಡಿಮೆ ಒಂದು ಮಾತ್ರ ಸಿಡಿಯುತ್ತದೆ. ಹಾಗಾಗಿ ಕ್ಯಾಪ್ಸೂಲಿನಲ್ಲಿರುವ ಒಟ್ಟು ಪರಮಾಣುಗಳು ಸುಮಾರು 37 ಸಾವಿರ ಕೋಟಿ. ಸಂಖ್ಯೆ ದೊಡ್ಡದೆನಿಸಿದರೂ ತೂಕ ಹಾಕಿದರೆ 80 ಪಿಕೊಗ್ರಾಂ. ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿ, ಅದರಲ್ಲಿ 80 ಪಾಲು ತೆಗೆದುಕೊಂಡಷ್ಟು. ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೊಗ್ರಾಂ. ಕ್ಯಾಪ್ಸೂಲಿನಲ್ಲಿರುವುದು ಅದರ 18 ಲಕ್ಷದಲ್ಲಿ ಒಂದು ಪಾಲಿಗೂ ಕಡಿಮೆ. ಊಟದ ಉಪ್ಪಿನ ಜೊತೆ ಒಳಹೋಗುವ ಅಯೋಡಿನ್ನಿನ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಗ್ರಂಥಿ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿರುತ್ತದೆ. ತನ್ನನ್ನು ಯಾರೋ ಗಮನಿಸುತ್ತಿದ್ದಾರೆ ಎಂಬ ಸುಳಿವೂ ಅದಕ್ಕೆ ಸಿಗುವುದಿಲ್ಲ.

ಗ್ರಂಥಿ ಹೀಗೆ ಮೋಸಹೋಗುವುದಕ್ಕೆ ಇನ್ನೊಂದು ಕಾರಣವೂ ಇದೆ. ಉಪ್ಪಿನಲ್ಲಿರುವುದು ಅಯೋಡಿನ್-127, ಕ್ಯಾಪ್ಸೂಲಿನಲ್ಲಿರುವುದು ಅಯೋಡಿನ್-131. ವ್ಯತ್ಯಾಸ ನಾಲ್ಕು ನ್ಯೂಟ್ರಾನುಗಳದು, ಅವು ಅಡಗಿರುವುದು ಪರಮಾಣುವಿನ ಬೀಜದೊಳಗೆ. ರಾಸಾಯನಿಕ ವ್ಯವಹಾರ ನಡೆಯುವುದು ಹೊರಗಿನ ಎಲೆಕ್ಟ್ರಾನುಗಳ ಮಟ್ಟದಲ್ಲಿ, ಅಲ್ಲಿ ಇಬ್ಬರೂ ಒಂದೇ. ಈ ಒಂದೇತನ ಮೊದಲು ತಲೆನೋವಾಗಿ ಎದುರಾದದ್ದು ಜಾರ್ಜ್ ಹೆವೆಸಿಗೆ. ಹಂಗೆರಿಯ ಈ ತರುಣ 1911ರಲ್ಲಿ ಮ್ಯಾಂಚೆಸ್ಟರಿನಲ್ಲಿ ರುದರ್‌ಫರ್ಡ್ ಬಳಿ ಇದ್ದ. ಸೀಸದ ರಾಶಿಯಲ್ಲಿ ಬೆರೆತಿದ್ದ 'ರೇಡಿಯಂ-ಡಿ'ಯನ್ನು ಬೇರ್ಪಡಿಸಿ ಕೊಡು ಎಂದು ಗುರು ಹೇಳಿದ. ಹೆವೆಸಿ ಏನೆಲ್ಲ ಮಾಡಿದರೂ ಬೇರ್ಪಡಲಿಲ್ಲ, ಏಕೆಂದರೆ ರೇಡಿಯಂ-ಡಿ ಎನ್ನುವುದು ಸೀಸದ್ದೇ ವಿಕಿರಣಶೀಲ ರೂಪ. ಬೇರೆಯಾಗದಿದ್ದರೆ ಒಳ್ಳೆಯದೇ ಆಯಿತು, ಸೀಸ ಹೋದಲ್ಲೆಲ್ಲ ಇದೂ ಹೋಗುತ್ತದೆ, ಹೋದಲ್ಲಿಂದ ಕೂಗಿ ಹೇಳುತ್ತದೆ ಎಂದು ಆತ ಸೋಲನ್ನು ತಿರುಗಿಸಿಟ್ಟ. 1923ರಲ್ಲಿ ಬೀನ್ಸ್ ಜಾತಿಯ ಗಿಡಗಳ ಬೇರಿಗೆ ವಿಕಿರಣಶೀಲ ಸೀಸ ಉಣಿಸಿ, ಅದು ಕಾಂಡಕ್ಕೆ, ಎಲೆಗೆ ಏರುವುದನ್ನು ಅಳೆದ. 1943ರ ರಸಾಯನಶಾಸ್ತ್ರದ ನೊಬೆಲ್ ಅವನಿಗೆ ಬಂದದ್ದು ಈ ಉಪಾಯಕ್ಕಾಗಿ. ಆದರೆ ಜೀವಿಗಳಿಗೆ ಸೀಸದಿಂದ ಏನೂ ಆಗಬೇಕಾಗಿಲ್ಲ. ದೇಹಕ್ಕೆ ನಿಜವಾಗಿ ಬೇಕಾದ ಧಾತುವೊಂದರ ವಿಕಿರಣಶೀಲ ರೂಪ ಸಿಗಬೇಕಿತ್ತು.

ಅಂಥದ್ದಕ್ಕೆ ಅಯೋಡಿನ್‌ಗಿಂತ ಯೋಗ್ಯವಾದುದು ಇನ್ನೊಂದಿರಲಿಲ್ಲ. ಥೈರಾಯ್ಡ್‌ನಲ್ಲಿ ಅಯೋಡಿನ್ ಇದೆ ಎಂಬುದನ್ನು ಜರ್ಮನಿಯ ಯೂಜೆನ್ ಬೌಮನ್ 1895ರಲ್ಲೇ ಕಂಡಿದ್ದ. ದೇಹದ ಒಟ್ಟು ಅಯೋಡಿನ್ 15-20 ಮಿಲಿಗ್ರಾಂ ಇದ್ದರೆ ಅದರ ಬಹುಪಾಲು ಇಪ್ಪತ್ತು ಗ್ರಾಮಿನ ಆಸುಪಾಸು ತೂಗುವ ಈ ಪುಟ್ಟ ಗ್ರಂಥಿಯಲ್ಲೇ ಇರುತ್ತದೆ. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ ಎಂಬಂತೆ, ದೇಹಕ್ಕೆ ಬಂದ ಅಯೋಡಿನ್ ಒಮ್ಮೆ ಥೈರಾಯ್ಡ್ ಬಾಗಿಲಿಗೆ ಬರಲೇಬೇಕು. ಬಾವಿಕಟ್ಟೆಯಲ್ಲಿ ಕಾದು ಕುಳಿತರೆ ಸಾಕು.

1936ರ ನವೆಂಬರ್ 12. ಬಾಸ್ಟನ್ನಿನ ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಎಂಐಟಿಯ ಅಧ್ಯಕ್ಷ, ಭೌತವಿಜ್ಞಾನಿ ಕಾರ್ಲ್ ಕಾಂಪ್ಟನ್ ಅವರ ಉಪನ್ಯಾಸ. ಜೀವಶಾಸ್ತ್ರಕ್ಕೂ ವೈದ್ಯಕ್ಕೂ ಭೌತಶಾಸ್ತ್ರ ಏನು ಮಾಡಬಲ್ಲದು ಎಂಬುದು ವಿಷಯ. ಕೃತಕವಾಗಿ ಧಾತುಗಳನ್ನು ವಿಕಿರಣಶೀಲಗೊಳಿಸುವ ವಿದ್ಯೆ ಪ್ಯಾರಿಸಿನಲ್ಲಿ ಎರಡು ವರ್ಷದ ಹಿಂದಷ್ಟೇ ಕೈಗೂಡಿತ್ತು. ರೋಮಿನಲ್ಲಿ ಎನ್ರಿಕೊ ಫರ್ಮಿ ಸಿಕ್ಕಸಿಕ್ಕ ಧಾತುಗಳಿಗೆಲ್ಲ ನ್ಯೂಟ್ರಾನು ಹೊಡೆದು ನೋಡಿ, ಅಯೋಡಿನ್ ಕೂಡ ವಿಕಿರಣಶೀಲವಾಗುತ್ತದೆ ಎಂದು ವರದಿ ಮಾಡಿದ್ದ. ಇದು ವೈದ್ಯರ ಕಿವಿಗೆ ಬಿದ್ದಿರಲಿಲ್ಲ. ಸಭೆಯಲ್ಲಿದ್ದ ಸಾಲ್ ಹರ್ಟ್ಸ್, ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಥೈರಾಯ್ಡ್ ಚಿಕಿತ್ಸಾಲಯದ ಮುಖ್ಯಸ್ಥ, ಮೂವತ್ತೊಂದರ ಪ್ರಾಯದವನು. ಉಪನ್ಯಾಸ ಮುಗಿದಾಗ ಎದ್ದು ಕೇಳಿದ: ಅಯೋಡಿನ್ನನ್ನು ಕೃತಕವಾಗಿ ವಿಕಿರಣಶೀಲ ಮಾಡಲು ಬರುತ್ತದೆಯೇ? ಕಾಂಪ್ಟನ್‌ಗೆ ಅಲ್ಲೇ ಉತ್ತರ ಹೊಳೆಯಲಿಲ್ಲ. ವಿಚಾರಿಸಿಕೊಂಡು ಡಿಸೆಂಬರಿನಲ್ಲಿ ಪತ್ರ ಬರೆದ: ಬರುತ್ತದೆ, ಅರ್ಧಾಯು 25 ನಿಮಿಷ.

ಇಂಥ ಸಭೆಗಳಲ್ಲಿ ಕೇಳುವ ಪ್ರಶ್ನೆಗಳ ಬಗ್ಗೆ ನಮಗೆಲ್ಲ ಒಂದು ಅಸಡ್ಡೆ ಇರುತ್ತದೆ. ಇದೊಂದು ಪ್ರಶ್ನೆಗೆ ಮಾತ್ರ ಆ ಅಸಡ್ಡೆ ಸಲ್ಲದು.

25 ನಿಮಿಷದ ಅರ್ಧಾಯು ಎಂದರೆ ಏನು ಕಷ್ಟ ಎಂಬುದನ್ನು ಅವರ ಪ್ರಯೋಗಶಾಲೆಗೆ ಹೋಗಿಯೇ ನೋಡಬೇಕು. ಎಂಐಟಿಯ ರಾಬ್ಲಿ ಇವಾನ್ಸ್ ಎಂಬ ಭೌತವಿಜ್ಞಾನಿ ಹರ್ಟ್ಸ್ ಜೊತೆ ಕೈಜೋಡಿಸಿದ. ಕೆಲಸಕ್ಕೆ ಆರ್ಥರ್ ರಾಬರ್ಟ್ಸ್ ಎಂಬ ತರುಣನನ್ನು ನೇಮಿಸಿಕೊಂಡ. ಕಣಗಳನ್ನು ವೇಗಕ್ಕೇರಿಸಿ ಅಪ್ಪಳಿಸುವ ಸೈಕ್ಲೊಟ್ರಾನ್ ಯಂತ್ರ ಆಗ ಅವರಲ್ಲಿರಲಿಲ್ಲ. ರೇಡಿಯಂ ಮತ್ತು ಬೆರಿಲಿಯಂ ಬೆರೆಸಿಟ್ಟರೆ ನ್ಯೂಟ್ರಾನುಗಳು ಹೊಮ್ಮುತ್ತವೆ. ಅದನ್ನು ಈಥೈಲ್ ಅಯೋಡೈಡ್ ಎಂಬ ದ್ರವದಲ್ಲಿ ಇಟ್ಟರು. ಅಯೋಡಿನ್ ಪರಮಾಣುವೊಂದು ನ್ಯೂಟ್ರಾನ್ ನುಂಗಿದ ಕೂಡಲೇ ಅದರ ಬೀಜ ಗಾಮಾ ಕಿರಣ ಉಗುಳಿ ಒದೆ ತಿನ್ನುತ್ತದೆ. ಆ ಒದೆತಕ್ಕೆ ಅಣುವಿನಿಂದ ಬಿಡಿಸಿಕೊಂಡು ಹೊರಬೀಳುತ್ತದೆ. ಉಳಿದ ಅಯೋಡಿನ್ ದ್ರವದಲ್ಲೇ ಕಟ್ಟಿಬಿದ್ದಿರುತ್ತದೆ. ಬಿಡುಗಡೆಯಾದದ್ದನ್ನಷ್ಟೇ ನೀರಿಗೆ ಇಳಿಸಿಕೊಂಡರೆ ವಿಕಿರಣಶೀಲ ಅಯೋಡಿನ್ ಸಿಕ್ಕಿತು, ಸಾಧಾರಣ ಅಯೋಡಿನ್ನಿನ ಬೆರಕೆ ತೀರಾ ಕಡಿಮೆ. ಎಷ್ಟು ಚೊಕ್ಕ ಉಪಾಯ ನೋಡಿ. ಮೇಲೆ ಹಾಕಿದ ತೂಕದ ಲೆಕ್ಕ ಇಲ್ಲಿ ಕೆಲಸಕ್ಕೆ ಬಂತು. ಬೆರಕೆ ಹೆಚ್ಚಾಗಿದ್ದರೆ, ಅವರು ಪ್ರಯೋಗಕ್ಕೆ ಬಳಸುತ್ತಿದ್ದ ಮೊಲದ ಪುಟಾಣಿ ಗ್ರಂಥಿ ಅಯೋಡಿನ್ನಿನಲ್ಲಿ ಮುಳುಗಿ, ತನ್ನ ಸಹಜ ನಡೆಯನ್ನೇ ಬಿಟ್ಟುಬಿಡುತ್ತಿತ್ತು.

ಅಲ್ಲಿಂದ ಗಡಿಯಾರದ ಜೊತೆ ಓಟ. ಮೊಲಕ್ಕೆ ಚುಚ್ಚಬೇಕು, ಕಾಯಬೇಕು, ಕೊಂದು ಗ್ರಂಥಿ ತೆಗೆಯಬೇಕು, ಗೈಗರ್ ಎಣಿಕೆಗೆ ಒಡ್ಡಬೇಕು. ಎರಡು ಗಂಟೆ ಕಳೆದರೆ ಉಳಿಯುವುದು ನೂರಕ್ಕೆ ಮೂರು-ನಾಲ್ಕು ಪಾಲು. 48 ಮೊಲಗಳ ಮೇಲೆ ನಡೆದ ಈ ಕೆಲಸ 1938ರಲ್ಲಿ ಪ್ರಕಟವಾಯಿತು. ಬೇರೆ ಅಂಗಾಂಶಗಳಿಗಿಂತ ಥೈರಾಯ್ಡ್ ಅಯೋಡಿನ್ನನ್ನು ಎಷ್ಟೋ ಪಟ್ಟು ಹೆಚ್ಚು ಸೆಳೆಯುತ್ತದೆ, ಅದೂ ನಿಮಿಷಗಳಲ್ಲಿ. ಪ್ರಚೋದನೆಗೊಂಡು ಊದಿದ ಗ್ರಂಥಿ ಇನ್ನೂ ಹೆಚ್ಚು ಸೆಳೆಯುತ್ತದೆ. ಬದುಕಿರುವ ಗ್ರಂಥಿಯ ಚುರುಕನ್ನು ಸಂಖ್ಯೆಯಲ್ಲಿ ಹೇಳಲು ಬಂದದ್ದು ಅದೇ ಮೊದಲು.

ಮನುಷ್ಯರಿಗೆ ಈ ಗಡಿಬಿಡಿಯ ಅಯೋಡಿನ್ ಸಾಲದಾಗಿತ್ತು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಜೋಸೆಫ್ ಹ್ಯಾಮಿಲ್ಟನ್ ಎಂಬ ವೈದ್ಯ ಇದೇ ಗೋಳು ಹೇಳಿಕೊಂಡಾಗ, ಗ್ಲೆನ್ ಸೀಬೋರ್ಗ್ ಎಂಬ ಯುವ ರಸಾಯನಜ್ಞ ಎಷ್ಟು ಅರ್ಧಾಯು ಬೇಕು ಎಂದು ಕೇಳಿದನಂತೆ. ಒಂದು ವಾರ ಇದ್ದರೆ ಚೆನ್ನ ಎಂದನಂತೆ ಹ್ಯಾಮಿಲ್ಟನ್. ಸೀಬೋರ್ಗ್ ಮತ್ತು ಜಾನ್ ಲಿವಿನ್‌ಗುಡ್ 1938ರಲ್ಲಿ ಸೈಕ್ಲೊಟ್ರಾನಿನಲ್ಲಿ ಟೆಲ್ಯುರಿಯಂ ಎಂಬ ಧಾತುವಿಗೆ ಭಾರ ಜಲಜನಕದ ಬೀಜಗಳಾದ ಡ್ಯೂಟೆರಾನುಗಳನ್ನು ಅಪ್ಪಳಿಸಿ ತೆಗೆದ ಅಯೋಡಿನ್-131ರ ಅರ್ಧಾಯು ಎಂಟು ದಿನ. ಕೇಳಿ ಮಾಡಿಸಿದಂತಿತ್ತು. ಮುಂದೆ ತನ್ನ ತಾಯಿಗೂ ಅದೇ ಅಯೋಡಿನ್ನಿನಿಂದ ಚಿಕಿತ್ಸೆಯಾಯಿತೆಂದು ಸೀಬೋರ್ಗ್ ಹೇಳಿಕೊಳ್ಳುತ್ತಿದ್ದ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ರಿಯಾಕ್ಟರುಗಳಿಂದ ಇದು ಅಗ್ಗವಾಗಿ, ಧಾರಾಳವಾಗಿ ಸಿಗತೊಡಗಿತು. ನಮ್ಮಲ್ಲಿ ಟ್ರಾಂಬೆಯ ರಿಯಾಕ್ಟರಿನಲ್ಲೂ ಅದೇ ಟೆಲ್ಯುರಿಯಂನಿಂದಲೇ ತಯಾರಿಸುತ್ತಾರೆ, ಡ್ಯೂಟೆರಾನಿನ ಬದಲು ನ್ಯೂಟ್ರಾನ್ ಹೊಡೆದು.

ಎಂಟು ದಿನ ಕೈಗೆ ಸಿಕ್ಕಮೇಲೆ ಗ್ರಂಥಿಯನ್ನು ಹೊರಗಿನಿಂದ ಎಣಿಸುವುದಷ್ಟೇ ಅಲ್ಲ, ಅದರ ಅಂಗಾಂಶದ ಒಳಹೊಕ್ಕು ನೋಡಲೂ ಪುರಸೊತ್ತು ಸಿಕ್ಕಿತು. ಥೈರಾಯ್ಡ್ ಅಂಗಾಂಶವನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಲ್ಲಿಟ್ಟರೆ ಕಾಣುವುದು ದುಂಡನೆಯ ಕೋಶಕೋಟೆಗಳ ಸಮೂಹ. ಒಂದೊಂದರ ಗೋಡೆಯೂ ಒಂದೇ ಸಾಲು ಕೋಶಗಳದು, ನಡುವೆ ಕೊಲಾಯ್ಡ್ ಎಂಬ ಅಂಟು ದ್ರವ. ಹಾರ್ಮೋನು ತಯಾರಾಗುವುದು ಗೋಡೆಯಲ್ಲೋ ನಡುವಿನ ಕೊಳದಲ್ಲೋ? ಬಣ್ಣ ಹಾಕಿ ನೋಡುವ ಹಳೆಯ ವಿಧಾನಗಳಿಂದ ಇದು ಬಗೆಹರಿಯುವಂತಿರಲಿಲ್ಲ.

ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿದ್ದ ಶಾರ್ಲ್ ಲೆಬ್ಲಾಂ ಎಂಬ ಫ್ರೆಂಚ್ ವಿಜ್ಞಾನಿ ಅಯೋಡಿನ್ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವಂತೆ ಮಾಡಿದ. ವಿಕಿರಣಶೀಲ ಅಯೋಡಿನ್ ಉಂಡ ಇಲಿಯ ಗ್ರಂಥಿಯ ಸೀಳನ್ನು ಫೋಟೊ ಫಿಲ್ಮಿನ ಮೇಲೆ ಒತ್ತಿ ಕತ್ತಲಲ್ಲಿ ಇಟ್ಟರೆ, ಅಯೋಡಿನ್ ಇರುವ ಕಡೆ ಫಿಲ್ಮ್ ಕಪ್ಪಾಗುತ್ತದೆ. ತೊಂದರೆ ಏನೆಂದರೆ, ಫಿಲ್ಮನ್ನು ತೆಗೆದು ಬೇರೆಯಾಗಿ ನೋಡುವಾಗ ಯಾವ ಕಪ್ಪು ಯಾವ ಕೋಶದ್ದು ಎಂಬುದು ಹೊಂದುವುದಿಲ್ಲ. 1946ರಲ್ಲಿ ಲೆಬ್ಲಾಂ ಮತ್ತು ಅವನ ಸಹೋದ್ಯೋಗಿ ಬೆಲಾಂಜೆ ಫಿಲ್ಮಿನ ಲೇಪವನ್ನೇ ಬಿಸಿಮಾಡಿ ಕರಗಿಸಿ, ಗಾಜಿನ ಮೇಲಿನ ಸೀಳಿಗೆ ನೇರವಾಗಿ ಬಳಿದುಬಿಟ್ಟರು. ಈಗ ಕೋಶವೂ ಅದರ ಮೇಲಿನ ಬೆಳ್ಳಿಯ ಕಪ್ಪು ಕಣಗಳೂ ಒಂದೇ ನೋಟದಲ್ಲಿ ಕಾಣುತ್ತವೆ. ಕೊಟ್ಟ ಅಯೋಡಿನ್ ಸ್ವಲ್ಪ ಹೊತ್ತಿನಲ್ಲೇ ಕೊಲಾಯ್ಡಿನ ಥೈರೊಗ್ಲಾಬ್ಯುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡದ್ದು ಕಂಡಿತು. ಆಮೇಲಿನ ವರ್ಷಗಳಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೂ ಈ ವಿಧಾನ ಒಗ್ಗಿದ ಮೇಲೆ, ಅಂಟುವ ಜಾಗವೂ ಖಚಿತವಾಯಿತು: ಗೋಡೆಯ ಕೋಶ ಕೊಳವನ್ನು ಮುಟ್ಟುವ ಅಂಚಿನಲ್ಲಿ.

ಲೆಬ್ಲಾಂನ ಶಿಷ್ಯ ಜ್ಯಾಕ್ ಗ್ರಾಸ್‌ಗೆ ಇನ್ನೊಂದು ಒಗಟು ಸಿಕ್ಕಿತ್ತು. ವಿಕಿರಣಶೀಲ ಅಯೋಡಿನ್ ಕೊಟ್ಟ ಪ್ರಾಣಿಗಳ ರಕ್ತದ್ರವವನ್ನು ಸೋಸುಕಾಗದದ ಮೇಲೆ ಹರಿಸಿ ಘಟಕಗಳನ್ನು ಬೇರ್ಪಡಿಸಿದಾಗ, ಥೈರಾಕ್ಸಿನ್ ಎಂಬ ಗೊತ್ತಿದ್ದ ಹಾರ್ಮೋನಿನ ಕಲೆಯ ಜೊತೆಗೆ ಯಾರದೆಂದು ತಿಳಿಯದ ಕಲೆಯೊಂದು ಫಿಲ್ಮಿನಲ್ಲಿ ಮೂಡುತ್ತಿತ್ತು. ಅದನ್ನು ಹೊತ್ತುಕೊಂಡು ಗ್ರಾಸ್ ಲಂಡನ್ನಿಗೆ, ರೋಸಲಿಂಡ್ ಪಿಟ್-ರಿವರ್ಸ್ ಎಂಬ ಜೀವರಸಾಯನಜ್ಞೆಯ ಬಳಿಗೆ ಹೋದ. 1952ರಲ್ಲಿ ಇಬ್ಬರೂ ಆ ಕಲೆಯ ಗುರುತು ಹಿಡಿದರು. ಥೈರಾಕ್ಸಿನ್‌ನಲ್ಲಿ ನಾಲ್ಕು ಅಯೋಡಿನ್, ಇದರಲ್ಲಿ ಮೂರು. ಇಂದು ಲ್ಯಾಬ್ ವರದಿಗಳಲ್ಲಿ ಟಿ-4ರ ಪಕ್ಕದಲ್ಲಿ ಟಿ-3 ಎಂದು ಅಚ್ಚಾಗಿರುತ್ತದಲ್ಲ, ಅದು. ಪ್ರಮಾಣ ಕಡಿಮೆ, ಪ್ರಭಾವ ಹೆಚ್ಚು. ಅದೇ ವರ್ಷ ಪ್ಯಾರಿಸಿನ ಇನ್ನೊಂದು ತಂಡವೂ ಸ್ವತಂತ್ರವಾಗಿ ಅಲ್ಲಿಗೇ ತಲುಪಿತ್ತು. ಇಷ್ಟು ಅತ್ಯಲ್ಪ ವಸ್ತು ಆ ಕಾಲದ ತಕ್ಕಡಿಗಳಿಗೆ ಎಂದೂ ಸಿಗುತ್ತಿರಲಿಲ್ಲ.

ಸೆಳೆಯುವುದು ಒಂದು ಕೆಲಸ, ಪ್ರೋಟೀನಿಗೆ ಅಂಟಿಸುವುದು ಇನ್ನೊಂದು ಎಂಬುದೂ ಜಾಡು ಹಿಡಿದೇ ತಿಳಿದದ್ದು. ಪರ್‌ಕ್ಲೋರೇಟ್ ಎಂಬ ಲವಣ ಕೊಟ್ಟರೆ ಗ್ರಂಥಿಯ ಸೆಳೆಯುವ ಪಂಪು ನಿಲ್ಲುತ್ತದೆ, ಅಂಟದೆ ಉಳಿದ ಅಯೋಡಿನ್ ಹೊರಗೆ ಹರಿದುಹೋಗುತ್ತದೆ. ಆರೋಗ್ಯವಂತರಲ್ಲಿ ಅಂಟದೆ ಉಳಿದದ್ದೇ ಇರುವುದಿಲ್ಲ, ಕತ್ತಿನ ಎಣಿಕೆ ಹಾಗೇ ನಿಲ್ಲುತ್ತದೆ. ಹುಟ್ಟುಕಿವುಡಿನ ಜೊತೆಗೆ ಗಳಗಂಡವೂ ಬರುವ ಪೆಂಡ್ರೆಡ್ ಕಾಯಿಲೆಯಲ್ಲಿ ಎಣಿಕೆ ಸರ್ರನೆ ಇಳಿಯುತ್ತದೆ: ಗ್ರಂಥಿ ಸೆಳೆಯುತ್ತದೆ, ಅಂಟಿಸಲಾರದು. ಈಗಿನ ಸ್ಕ್ಯಾನುಗಳಲ್ಲಿ ಹೆಚ್ಚಾಗಿ ಬಳಸುವ ಟೆಕ್ನೀಷಿಯಂ ಎಂಬ ವಿಕಿರಣಶೀಲ ಧಾತು ಕೂಡ ಇದೇ ಪಂಪನ್ನು ಏಮಾರಿಸಿ ಒಳಹೊಗುತ್ತದೆ, ಆದರೆ ಪ್ರೋಟೀನಿಗೆ ಅಂಟುವುದಿಲ್ಲ. ಅಗ್ಗ, ವಿಕಿರಣವೂ ಕಡಿಮೆ, ಅರ್ಧ ಗಂಟೆಯೊಳಗೆ ಚಿತ್ರ ಸಿಗುತ್ತದೆ. ಅಂಟಿಸುವ ಕೆಲಸ ಹೇಗಿದೆ ಎಂದು ಮಾತ್ರ ಅದು ಹೇಳಲಾರದು. ಆ ಪಂಪಿನ ಜೀನನ್ನು ನ್ಯೂಯಾರ್ಕಿನಲ್ಲಿ ನ್ಯಾನ್ಸಿ ಕರಾಸ್ಕೊ ಅವರ ತಂಡ ಪತ್ತೆಹಚ್ಚಿದ್ದು 1996ರಷ್ಟು ತಡವಾಗಿ. ಅಷ್ಟು ಹೊತ್ತಿಗೆ ವೈದ್ಯರು ಆ ಪಂಪನ್ನು ಬಳಸಿಕೊಳ್ಳಲು ಶುರುಮಾಡಿ ಅರ್ಧ ಶತಮಾನ ದಾಟಿತ್ತು.

ಗ್ರಂಥಿಗೆ ಗೊತ್ತಾಗುವಷ್ಟು ಕೊಟ್ಟರೆ? 1948ರಲ್ಲಿ ಬರ್ಕ್ಲಿಯ ಯಾನ್ ವೂಲ್ಫ್ ಮತ್ತು ಇಸ್ರೇಲ್ ಚೈಕಾಫ್ ಇಲಿಗಳಿಗೆ ಅಯೋಡೈಡನ್ನು ಹೆಚ್ಚುಹೆಚ್ಚಾಗಿ ಕೊಡುತ್ತ ಹೋದರು. ಒಂದು ಮಿತಿ ದಾಟಿದ್ದೇ ತಡ, ಹಾರ್ಮೋನು ತಯಾರಿಕೆ ಹೆಚ್ಚುವ ಬದಲು ಹೆಚ್ಚುಕಡಿಮೆ ನಿಂತೇಹೋಯಿತು! ಅಯೋಡಿನ್-127 ಮತ್ತು 131ರ ನಡುವೆ ಭೇದವೆಣಿಸದ ಗ್ರಂಥಿ ಪ್ರಮಾಣದ ವಿಷಯದಲ್ಲಿ ಇಷ್ಟು ನಾಜೂಕು. 1986ರಲ್ಲಿ ಚೆರ್ನೊಬಿಲ್ ಸಿಡಿದಾಗ ಪೋಲೆಂಡ್ ಸರ್ಕಾರ ಒಂದು ಕೋಟಿಗೂ ಹೆಚ್ಚು ಮಕ್ಕಳಿಗೆ ಸಾಧಾರಣ ಅಯೋಡೈಡ್ ಕುಡಿಸಿದ್ದು ಇದೇ ತಿಳಿವಳಿಕೆಯ ಮೇಲೆ. ಗ್ರಂಥಿ ಮೊದಲೇ ತುಂಬಿಹೋಗಿದ್ದರೆ ಗಾಳಿಯಲ್ಲಿ ಬಂದ ವಿಕಿರಣಶೀಲ ಅಯೋಡಿನ್‌ಗೆ ಅಲ್ಲಿ ಜಾಗವಿರುವುದಿಲ್ಲ.

ಅಯೋಡಿನ್ ಕೊರತೆಯ ನಾಡುಗಳಲ್ಲಿ ಕಂಡದ್ದು ಇದರ ತಿರುಗುಮುರುಗು. 1951ರಲ್ಲಿ ಬಾಸ್ಟನ್ನಿನ ಜಾನ್ ಸ್ಟ್ಯಾನ್‌ಬರಿ ವಿಕಿರಣಶೀಲ ಅಯೋಡಿನ್ನನ್ನು ಅರ್ಜೆಂಟೀನಾದ ಮೆಂಡೋಸಾಕ್ಕೆ, ಆಂಡಿಸ್ ಬೆಟ್ಟದ ಬುಡಕ್ಕೆ ಒಯ್ದ. ಗಳಗಂಡದಿಂದ ಕತ್ತು ಊದಿದವರಲ್ಲಿ ಗ್ರಂಥಿ ಕೊಟ್ಟದ್ದನ್ನು ಬಾಚಿಕೊಂಡುಬಿಡುತ್ತಿತ್ತು. ಊದಿದ್ದು ಹಸಿವಿನಿಂದ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ನಮ್ಮ ಹಿಮಾಲಯದ ಗಳಗಂಡವನ್ನು ಅಭ್ಯಾಸ ಮಾಡಿದ ಡಾ. ವಿ. ರಾಮಲಿಂಗಸ್ವಾಮಿ ಅವರ ತಂಡಕ್ಕೂ ಅದೇ ಉತ್ತರ ಸಿಕ್ಕಿತು. ಅವರು 1956ರಲ್ಲಿ ಕಾಂಗ್ರಾ ಕಣಿವೆಯಲ್ಲಿ ಶುರುಮಾಡಿದ ಉಪ್ಪಿನ ಪ್ರಯೋಗದ ಫಲವೇ 1962ರ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ, ಮತ್ತು ಇಂದು ನಮ್ಮ ಅಡುಗೆಮನೆಯ ಡಬ್ಬದಲ್ಲಿರುವ ಅಯೋಡಿನ್ ಉಪ್ಪು. ಇನ್ನು ಅಮೆರಿಕದಲ್ಲಿ 1960ರ ದಶಕದಲ್ಲಿ ಆರೋಗ್ಯವಂತರ ಗ್ರಂಥಿಗಳ ಸೆಳೆತ ಸುಮಾರು ಅರ್ಧಕ್ಕೆ ಇಳಿದುಬಿಟ್ಟಿತು. ಜನರಿಗೆ ಯಾವ ಕಾಯಿಲೆಯೂ ಬಂದಿರಲಿಲ್ಲ; ಬ್ರೆಡ್ಡಿನ ಹಿಟ್ಟಿಗೆ ಅಯೋಡೇಟ್ ಬೆರೆಸತೊಡಗಿದ್ದರು. ಪಠ್ಯಪುಸ್ತಕಗಳಲ್ಲಿ 'ಸಾಮಾನ್ಯ' ಎಂದಿದ್ದ ಸಂಖ್ಯೆಯನ್ನೇ ಬದಲಿಸಬೇಕಾಯಿತು.

ಚಿಕಿತ್ಸೆಯ ಕತೆ ಇನ್ನೊಂದು ಅಧ್ಯಾಯಕ್ಕೇ ಆಗುವಷ್ಟಿದೆ. ಇಲ್ಲಿ ಇಷ್ಟು ಸಾಕು: 1941ರ ಮಾರ್ಚ್ 31ರಂದು ಹರ್ಟ್ಸ್ ಥೈರಾಯ್ಡ್ ಅತಿಚಟುವಟಿಕೆಯ ರೋಗಿಯೊಬ್ಬರಿಗೆ ಮೊದಲ ಬಾರಿ ವಿಕಿರಣಶೀಲ ಅಯೋಡಿನ್ನನ್ನು ಔಷಧವಾಗಿ ಕೊಟ್ಟ. ಪರೀಕ್ಷೆಗೆ ಮೈಕ್ರೊಕ್ಯೂರಿ, ಚಿಕಿತ್ಸೆಗೆ ಅದರ ಸಾವಿರ ಪಟ್ಟಿನ ಮಿಲಿಕ್ಯೂರಿ. ಅದರ ಬೀಟಾ ಕಣಗಳು ಅಂಗಾಂಶದಲ್ಲಿ ಹೆಚ್ಚೆಂದರೆ ಒಂದೆರಡು ಮಿಲಿಮೀಟರ್ ಸಾಗಿ ಅಲ್ಲೇ ಸುಡುತ್ತವೆ. ಯುದ್ಧಕ್ಕೆಂದು ಹರ್ಟ್ಸ್ ನೌಕಾಪಡೆ ಸೇರಿದಾಗ ಕೆಲಸ ಬೇರೆಯವರ ಕೈಗೆ ಹೋಯಿತು. 1946ರಲ್ಲಿ ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡೂ ಕಡೆಯವರ ಪ್ರಬಂಧಗಳು ಬಂದವು. 1950ರಲ್ಲಿ, 45ನೇ ವಯಸ್ಸಿನಲ್ಲಿ ಹರ್ಟ್ಸ್ ತೀರಿಕೊಂಡ. ಸಲ್ಲಬೇಕಾದ ಮನ್ನಣೆ ಬದುಕಿದ್ದಾಗ ಸಲ್ಲಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಓದುಗರಲ್ಲಿ ಯಾರಿಗಾದರೂ ಈ ಪರೀಕ್ಷೆ ಬರೆದುಕೊಟ್ಟಿದ್ದರೆ ಒಂದು ಮಾತು. ಇತ್ತೀಚಿನ ವಾರಗಳಲ್ಲಿ ಕಾಂಟ್ರಾಸ್ಟ್ ಚುಚ್ಚಿ ಸಿಟಿ ಸ್ಕ್ಯಾನ್ ಮಾಡಿಸಿದ್ದರೆ, ಎದೆಬಡಿತಕ್ಕೆ ಅಮಿಯೊಡರೋನ್ ಮಾತ್ರೆ ನುಂಗುತ್ತಿದ್ದರೆ, ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿಬಿಡಿ. ಕಾಂಟ್ರಾಸ್ಟಿನಲ್ಲೂ ಅಮಿಯೊಡರೋನಿನಲ್ಲೂ ಅಯೋಡಿನ್ ತುಂಬಿದೆ. ಅಮಿಯೊಡರೋನಿನ 200 ಮಿಲಿಗ್ರಾಮಿನ ಒಂದು ಮಾತ್ರೆಯಲ್ಲೇ ಸುಮಾರು 75 ಮಿಲಿಗ್ರಾಂ. ಇವು ಒಳಗಿದ್ದರೆ ಗ್ರಂಥಿ ಕ್ಯಾಪ್ಸೂಲಿನತ್ತ ತಿರುಗಿಯೂ ನೋಡುವುದಿಲ್ಲ, ವರದಿ ಸುಳ್ಳಾಗುತ್ತದೆ. ಬಸುರಿಯಾಗಿದ್ದರೆ, ಆಗಿರಬಹುದೆಂಬ ಅನುಮಾನವಿದ್ದರೂ, ಮಗುವಿಗೆ ಹಾಲೂಡಿಸುತ್ತಿದ್ದರೆ ಖಂಡಿತ ಹೇಳಬೇಕು: ಮೂರು ತಿಂಗಳು ತುಂಬುವ ಹೊತ್ತಿಗೆ ಹೊಟ್ಟೆಯೊಳಗಿನ ಶಿಶುವಿನ ಥೈರಾಯ್ಡ್ ತಾನೂ ಅಯೋಡಿನ್ ಸೆಳೆಯತೊಡಗುತ್ತದೆ, ಮತ್ತು ತಾಯಿಯ ಹಾಲಿನಲ್ಲೂ ಅಯೋಡಿನ್ ಹೋಗುತ್ತದೆ.